‘ನಾನು’ ಅಲ್ಲ, ‘ನನಗೆ’

ಆ ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ಎಷ್ಟೋ ಸಲ ಹೇಳಿಕೊಂಡು ಹೋಗಿದ್ದೆ. ಏಳೇ ಪದಗಳು. ಒಳಗೆ ಹೋಗಿ ಕುಳಿತು, ವೈದ್ಯರು "ಹೇಳಿ, ಏನು ತೊಂದರೆ?" ಎಂದು ಕೇಳಿದಾಗ ಬಾಯಿಂದ ಹೊರಟಿದ್ದು ಬೇರೆಯೇ: "ಸರಿಯಾಗಿ ನಿದ್ರೆ ಬರುತ್ತಿಲ್ಲ ಡಾಕ್ಟರೇ." ಅದು ಸುಳ್ಳಲ್ಲ, ನಿದ್ರೆ ನಿಜಕ್ಕೂ ಬರುತ್ತಿರಲಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದಿರುವಾಗ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ ‘ಸ್ವಲ್ಪ ಸೆಕೆಯಾಗುತ್ತಿದೆ’ ಎಂದ ಹಾಗಿತ್ತು. ಅವರು ರಕ್ತದೊತ್ತಡ ನೋಡಿದರು, ಮಲಗುವ ಮುನ್ನ ಮೊಬೈಲ್ ನೋಡಬೇಡಿ ಎಂದರು, ಹದಿನೈದು ದಿನಕ್ಕೆ ಮಾತ್ರೆ ಬರೆದುಕೊಟ್ಟರು. ನಾನು ಧನ್ಯವಾದ ಹೇಳಿ ಎದ್ದೆ. ಬಾಗಿಲ ತನಕ ಬಂದ ಮೇಲೂ ತಿರುಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಆ ಏಳು ಪದಗಳು ಇವು: ನನಗೆ ಅಕ್ಕನ ಮಗುವನ್ನು ಚಾಕುವಿನಿಂದ ಇರಿಯುವ ಯೋಚನೆ ಬರುತ್ತದೆ.

ಇದನ್ನು ಬರೆಯುವಾಗ ಈಗಲೂ ಬೆರಳು ಒಂದು ಕ್ಷಣ ತಡೆಯಿತು. ಓದುತ್ತಿರುವ ನೀವೂ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದಿರಬಹುದು. ಪರವಾಗಿಲ್ಲ. ನಾನು ಇದೇ ವಾಕ್ಯದಿಂದ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಮೂರು ವರ್ಷ ಕಳೆದವಳು.

ಮಗುವಿಗೆ ಆಗ ಎಂಟು ತಿಂಗಳು. ಅಡುಗೆಮನೆಯ ನೆಲದ ಮೇಲೆ ಕುಳಿತು ಚಮಚದಿಂದ ಪಾತ್ರೆ ಬಡಿಯುತ್ತಿತ್ತು. ನಾನು ತರಕಾರಿ ಹೆಚ್ಚುತ್ತಿದ್ದೆ. ಯಾವ ಕಾರಣವೂ ಇಲ್ಲದೆ, ಯಾವ ಕೋಪವೂ ಇಲ್ಲದೆ, ಕೈಯಲ್ಲಿದ್ದ ಚಾಕು ಆ ಪುಟ್ಟ ಹೊಟ್ಟೆಯತ್ತ ಹೋದ ಚಿತ್ರ ಕಣ್ಣ ಮುಂದೆ ಮಿಂಚಿತು. ಅರ್ಧ ಸೆಕೆಂಡು ಇರಬಹುದು. ಚಾಕು ಹಿಡಿದ ಕೈ ಇದ್ದಲ್ಲೇ ಇತ್ತು. ಮಗು ಪಾತ್ರೆ ಬಡಿಯುತ್ತಲೇ ಇತ್ತು. ಆದರೆ ನನ್ನ ಮೈಯೆಲ್ಲ ಬೆವರಿತು. ಚಾಕುವನ್ನು ಡ್ರಾಯರಿನೊಳಗೆ ತಳ್ಳಿ, ತಲೆನೋವು ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ನನಗೆ ನಾನೇ ಕೇಳಿಕೊಂಡ ಪ್ರಶ್ನೆಯಿಂದ ಎಲ್ಲವೂ ಶುರುವಾಯಿತು: ಇದು ಯಾಕೆ ಬಂತು?

ಮರುದಿನ ಚಾಕು ಡ್ರಾಯರಿನ ಹಿಂಬದಿಗೆ ಹೋಯಿತು. ಒಂದು ವಾರದಲ್ಲಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಕಪಾಟಿನ ಮೇಲೇರಿತು. ಆಮೇಲೆ ಕತ್ತರಿ, ಸ್ಕ್ರೂಡ್ರೈವರ್, ಮೊನಚಾದ ಪೆನ್ನು. ಮಗು ಮನೆಗೆ ಬರುವ ದಿನ ನನಗೆ ಹೊರಗೆ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ‘ಚಿಕ್ಕಮ್ಮನಿಗೆ ಮಕ್ಕಳೆಂದರೆ ಅಷ್ಟಕ್ಕಷ್ಟೇ’ ಎಂಬ ಮಾತು ಮನೆಯಲ್ಲಿ ನಿಧಾನವಾಗಿ ನೆಲೆಯೂರಿತು. ನಾನು ತಿದ್ದಲಿಲ್ಲ. ಅದು ನನಗೆ ಅನುಕೂಲವೇ ಆಗಿತ್ತು.

ಹೇಳಲು ಏನು ಅಡ್ಡ ಬಂತು ಎಂದು ಈಗ ಕೇಳಿದರೆ ಉತ್ತರ ಸುಲಭವಾಗಿ ಸಿಗುತ್ತದೆ, ಆಗ ಸಿಗುತ್ತಿರಲಿಲ್ಲ. ನಾಚಿಕೆ ಇತ್ತು, ಆದರೆ ನಾಚಿಕೆಯೇ ದೊಡ್ಡದಾಗಿರಲಿಲ್ಲ. ನನ್ನ ಕಣ್ಣು ಯಾವಾಗಲೂ ವೈದ್ಯರ ಪೆನ್ನಿನ ಮೇಲೆ ಇರುತ್ತಿತ್ತು. ನಾನು ಹೇಳುತ್ತೇನೆ, ಅವರು ತಲೆ ಎತ್ತಿ ನನ್ನನ್ನು ಒಮ್ಮೆ ನೋಡುತ್ತಾರೆ, ಪೆನ್ನು ಕಾಗದದ ಮೇಲೆ ಓಡುತ್ತದೆ, ಅದು ಓಡಿದ ಮೇಲೆ ಅಳಿಸಲಾಗುವುದಿಲ್ಲ. ಕಾಗದ ಕಡತ ಸೇರುತ್ತದೆ. ಕಡತ ಯಾರ ಕೈಗೋ ಹೋಗುತ್ತದೆ. ಅಕ್ಕನಿಗೆ ಫೋನ್ ಹೋಗುತ್ತದೆ, ಪೊಲೀಸರಿಗೆ ಹೋಗುತ್ತದೆ, ನನ್ನನ್ನು ಆಸ್ಪತ್ರೆಗೆ ದಾಖಲಿಸಿಕೊಳ್ಳುತ್ತಾರೆ, ಮಗುವನ್ನು ಇನ್ನೆಂದೂ ನನ್ನ ಹತ್ತಿರ ಬಿಡುವುದಿಲ್ಲ. ಒಂದು ಪೆನ್ನಿನ ತುದಿಯಿಂದ ಇಷ್ಟೆಲ್ಲ ಹೊರಡುತ್ತಿತ್ತು. ವಿಚಿತ್ರವೆಂದರೆ, ಮಗುವನ್ನು ನನ್ನಿಂದ ದೂರವಿಡುತ್ತಾರೆ ಎಂದು ಹೆದರುತ್ತಿದ್ದ ನಾನೇ ಅದನ್ನು ದೂರವಿಟ್ಟು ಆಗಲೇ ತಿಂಗಳುಗಳಾಗಿದ್ದವು.

ಇಲ್ಲಿ ಸ್ವಲ್ಪ ವ್ಯಾಕರಣ ಹೇಳುತ್ತೇನೆ, ಬೇಸರಪಡಬೇಡಿ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದ್ದು ನೆನಪಿರಬಹುದು: ಉ, ಅನ್ನು, ಇಂದ, ಗೆ. ನಾನು ಓಡುತ್ತೇನೆ, ನಾನು ಬರೆಯುತ್ತೇನೆ ಎಂದಾಗ ಕೆಲಸ ನನ್ನದು. ನನಗೆ ಹಸಿವಾಗುತ್ತದೆ, ನನಗೆ ಚಳಿಯಾಗುತ್ತದೆ, ನನಗೆ ಸೀನು ಬರುತ್ತದೆ ಎಂದಾಗ ನಾನು ಕರ್ತೃವೇ ಅಲ್ಲ. ಬರುವಂಥದ್ದು ಬಂದು ಮುಟ್ಟುವ ವಿಳಾಸ, ಅಷ್ಟೇ. ನಮ್ಮ ಭಾಷೆ ಇದನ್ನು ಎಷ್ಟು ಸಹಜವಾಗಿ ಬೇರ್ಪಡಿಸುತ್ತದೆ ಎಂದರೆ, ಎರಡು ವರ್ಷದ ಮಗುವೂ ‘ನಾನು ಹಸಿವು ಮಾಡಿದೆ’ ಎನ್ನುವುದಿಲ್ಲ.

ನಾನು ಕನ್ನಡಿಯ ಮುಂದೆ ಹೇಳಿಕೊಳ್ಳುತ್ತಿದ್ದ ವಾಕ್ಯದಲ್ಲಿ ‘ನನಗೆ’ ಇತ್ತು. ರಾತ್ರಿ ಮಲಗಿದ ಮೇಲೆ ತಲೆಯೊಳಗೆ ಸುತ್ತುತ್ತಿದ್ದ ವಾಕ್ಯವೇ ಬೇರೆ: ‘ನಾನು ಇಂಥದ್ದನ್ನು ಯೋಚಿಸುತ್ತೇನೆ. ಇಂಥದ್ದನ್ನು ಯೋಚಿಸುವವಳು ಎಂಥವಳು?’ ನಾಲ್ಕನೆಯ ವಿಭಕ್ತಿಯಲ್ಲಿ ಬಂದದ್ದನ್ನು ಮೊದಲನೆಯದಕ್ಕೆ ಎಳೆದು ತರುವುದೇ ಗೀಳು (ಒಸಿಡಿ) ಎಂಬ ಈ ಕಾಯಿಲೆಯ ಕೆಲಸ ಎಂದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಮನೋವೈದ್ಯರು ಗೀಳಿನ ಯೋಚನೆಯನ್ನು ಗುರುತಿಸುವಾಗ ಮೊದಲು ಗಮನಿಸುವುದೂ ಇದನ್ನೇ: ಯೋಚನೆ ವ್ಯಕ್ತಿಗೆ ಬೇಡವಾಗಿದೆಯೇ, ಅವಳ ಸ್ವಭಾವಕ್ಕೆ, ಅವಳು ನಂಬಿದ್ದಕ್ಕೆ ಒಗ್ಗದೆ ನಿಂತಿದೆಯೇ. ಪ್ರೀತಿಸುವ ಮಗುವಿನ ಬಗ್ಗೆಯೇ ಹಿಂಸೆಯ ಚಿತ್ರ, ಭಕ್ತಿಯಿರುವವರಿಗೆ ದೇವರ ಬಗ್ಗೆಯೇ ಹೊಲಸು ಮಾತು, ಎಂದೂ ಯಾರ ಮೈಯನ್ನೂ ಅನುಚಿತವಾಗಿ ಮುಟ್ಟದವರಿಗೆ ಲೈಂಗಿಕವಾದ ಅಸಹ್ಯ ಕಲ್ಪನೆ. ಎಲ್ಲಿ ಮುಟ್ಟಿದರೆ ಹೆಚ್ಚು ನೋಯುತ್ತದೆಯೋ ಅಲ್ಲಿಗೇ ಬೆರಳು.

ನಾನು ಎಲ್ಲವನ್ನೂ ಕದ್ದು ಓದಿದೆ. ಹುಡುಕಿದ ಗುರುತನ್ನೂ ಫೋನಿನಿಂದ ಅಳಿಸಿಹಾಕುತ್ತಿದ್ದೆ. 1978ರಲ್ಲಿ ರಾಕ್ಮನ್ ಮತ್ತು ಡಿ ಸಿಲ್ವ ಎಂಬ ಇಬ್ಬರು ಮನೋವಿಜ್ಞಾನಿಗಳು ಯಾವ ಕಾಯಿಲೆಯೂ ಇಲ್ಲದ ಜನರನ್ನು ಕೇಳಿ ನೋಡಿದ್ದರಂತೆ. ಹತ್ತರಲ್ಲಿ ಸುಮಾರು ಎಂಟು ಜನ ತಮಗೂ ಇಂಥ ಬೇಡದ ಯೋಚನೆಗಳು ಬರುತ್ತವೆ ಎಂದಿದ್ದರು. ರೋಗಿಗಳ ಯೋಚನೆಗಳಿಗೂ ಇವರ ಯೋಚನೆಗಳಿಗೂ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2014ರಲ್ಲಿ ಆರು ಖಂಡಗಳ 13 ದೇಶಗಳಲ್ಲಿ 777 ವಿದ್ಯಾರ್ಥಿಗಳನ್ನು ಕೇಳಿದ ಅಧ್ಯಯನ ಬಂತು. ಹಿಂದಿನ ಮೂರು ತಿಂಗಳಲ್ಲಿ ಒಂದಾದರೂ ಇಂಥ ಯೋಚನೆ ಬಂದಿದ್ದವರು ಅವರಲ್ಲಿ ಶೇ. 93.6. ಎತ್ತರದ ಕಟ್ಟಡದ ಅಂಚಿನಲ್ಲಿ ನಿಂತಾಗ ‘ಹಾರಿಬಿಟ್ಟರೆ?’ ಎಂದು ಎದೆ ಜುಮ್ಮೆನ್ನುವುದರ ಬಗ್ಗೆ 2012ರಲ್ಲಿ ಒಂದು ಅಧ್ಯಯನ ನಡೆದಿತ್ತು; ಸಾಯುವ ಯೋಚನೆಯನ್ನೇ ಎಂದೂ ಮಾಡದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಬಂದಿತ್ತು. ಹಸುಗೂಸಿನ ತಾಯಂದಿರ ಬಗ್ಗೆ 2008ರಲ್ಲಿ ಪ್ರಕಟವಾದದ್ದನ್ನು ಓದಿ ನಾನು ಫೋನನ್ನು ಮಗುಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಕೇಳಿದ ತಾಯಂದಿರಲ್ಲಿ ಎಲ್ಲರಿಗೂ ಮಗುವಿಗೆ ಆಕಸ್ಮಿಕವಾಗಿ ಏನೋ ಆದಂತೆ ಯೋಚನೆ ಬಂದಿತ್ತು. ತಾವೇ ಬೇಕೆಂದು ಮಗುವಿಗೆ ಕೇಡು ಮಾಡಿದಂಥ ಯೋಚನೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬಂದಿತ್ತು.

ಇಷ್ಟು ತಿಳಿದ ಮೇಲೆ ಧೈರ್ಯ ಬರಬೇಕಿತ್ತು. ಬಂತು ಕೂಡ, ಸುಮಾರು ಇಪ್ಪತ್ತು ನಿಮಿಷ. ಆಮೇಲೆ ಒಳಗಿನಿಂದ ಒಂದು ದನಿ: ಅವರೆಲ್ಲರಿಗೆ ಬಂದು ಹೋಗುತ್ತದೆ, ನಿನಗೆ ಬಂದು ಕೂರುತ್ತದೆ. ಅವರದು ಬರೀ ಯೋಚನೆ. ನಿನ್ನದು ನಿಜವಲ್ಲ ಎಂದು ಯಾರು ಹೇಳಿದರು? ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯರು ಈ ಕಾಯಿಲೆಯನ್ನು ‘ಸಂಶಯದ ಹುಚ್ಚು’ ಎಂದು ಕರೆದಿದ್ದರು. ನೂರರಲ್ಲಿ ತೊಂಬತ್ತಮೂರು ಎಂದರೆ, ಉಳಿದ ಏಳರಲ್ಲಿ ನಾನೇ ಇರಬೇಕು ಎಂದು ವಾದಿಸುವ ಕಾಯಿಲೆ ಇದು. ಆ ಏಳು ಮಂದಿಗೆ ಯೋಚನೆಯೇ ಬಂದಿರಲಿಲ್ಲ, ಲೆಕ್ಕ ಉಲ್ಟಾ ಆಯಿತು ಎಂಬುದು ಕೂಡ ತಲೆಗೆ ಹೊಳೆಯಲಿಲ್ಲ.

ನನ್ನ ಹೆದರಿಕೆ ಪೂರ್ತಿ ಪೊಳ್ಳು ಎಂದು ಹೇಳಿ ಇಲ್ಲಿಗೆ ಮುಗಿಸಿದರೆ ಈ ಬರಹ ಸುಂದರವಾಗಿರುತ್ತದೆ, ಪ್ರಾಮಾಣಿಕವಾಗಿರುವುದಿಲ್ಲ. ಒಮ್ಮೆ ನಾನು ಹೇಳಿದ್ದೆ. ನಿದ್ರೆಯ ಮಾತ್ರೆಯ ವೈದ್ಯರಲ್ಲ, ಇನ್ನೊಬ್ಬರು. ಧೈರ್ಯ ಮಾಡಿ, ತೊದಲುತ್ತಾ, "ಮಕ್ಕಳ ವಿಷಯದಲ್ಲಿ ಕೆಟ್ಟ ಕೆಟ್ಟ ಯೋಚನೆ ಬರುತ್ತದೆ" ಎಂದಷ್ಟೇ ಹೇಳಿದೆ. ಅವರ ಹುಬ್ಬು ಮೇಲೇರಿತು. "ಛೆ, ಇಂಥದ್ದೆಲ್ಲ ಯೋಚಿಸಬಾರದು ನೀವು. ಒಳ್ಳೆಯ ವಿಷಯ ಯೋಚಿಸಿ, ಮನಸ್ಸನ್ನು ಬೇರೆ ಕಡೆ ಹರಿಸಿ" ಎಂದರು. ಒಳ್ಳೆಯ ಮನುಷ್ಯರು, ನನ್ನ ಒಳಿತಿಗೇ ಹೇಳಿದ್ದು. ಆದರೆ ಗಮನಿಸಿ, ‘ಬರುತ್ತದೆ’ ಎಂದು ನಾನು ಹೇಳಿದ್ದನ್ನು ಅವರು ‘ಯೋಚಿಸಬಾರದು’ ಎಂದು ತಿರುಗಿಸಿ ಕೊಟ್ಟರು. ನನ್ನ ವಿಭಕ್ತಿಯನ್ನು ವೈದ್ಯರೇ ತಿದ್ದಿದ್ದರು. ಅದಾದ ಮೇಲೆ ಒಂದೂವರೆ ವರ್ಷ ನಾನು ಯಾರ ಬಳಿಯೂ ಬಾಯಿ ಬಿಡಲಿಲ್ಲ.

ಯೋಚಿಸಬೇಡ ಎಂದರೆ ಏನಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದರು. ಐದು ನಿಮಿಷ ಬಿಳಿ ಕರಡಿಯನ್ನು ಯೋಚಿಸಬೇಡಿ, ಯೋಚನೆ ಬಂದಾಗಲೆಲ್ಲ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ, ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ‘ಈಗ ಬೇಕಾದರೆ ಯೋಚಿಸಿ’ ಎಂದಾಗ, ಮೊದಲಿನಿಂದಲೇ ಅನುಮತಿ ಪಡೆದವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತು. ಕರಡಿಯಾದರೆ ಸರಿ, ಅದರ ಯೋಚನೆಗೆ ಯಾರೂ ಹೆದರುವುದಿಲ್ಲ. ನನ್ನದು ಚಾಕು.

ವೈದ್ಯರು ತಪ್ಪು ತಿಳಿಯುತ್ತಾರೆ ಎಂಬುದಕ್ಕೆ ಲೆಕ್ಕವೂ ಇದೆ. ಗೀಳು ಕಾಯಿಲೆಯ ಸಣ್ಣ ಸಣ್ಣ ವಿವರಣೆಗಳನ್ನು ಕೊಟ್ಟು ಇದು ಏನೆಂದು ಗುರುತಿಸಿ ಎಂದು 2013ರಲ್ಲಿ ಅಮೆರಿಕದ ಮನೋವಿಜ್ಞಾನಿಗಳನ್ನು ಕೇಳಿದಾಗ ಸುಮಾರು ಶೇ. 39ರಷ್ಟು ಉತ್ತರಗಳು ತಪ್ಪಾಗಿದ್ದವು. 2015ರಲ್ಲಿ ಪ್ರಾಥಮಿಕ ಚಿಕಿತ್ಸೆಯ ವೈದ್ಯರನ್ನು ಕೇಳಿದಾಗ ಅರ್ಧದಷ್ಟು ತಪ್ಪು. ಕೈ ತೊಳೆಯುವುದು, ವಸ್ತುಗಳನ್ನು ಸಾಲಾಗಿ ಜೋಡಿಸುವುದು ಇದ್ದರೆ ಬೇಗ ಗುರುತಿಸುತ್ತಾರೆ; ಹಿಂಸೆಯ, ಲೈಂಗಿಕತೆಯ ಯೋಚನೆಯಾದರೆ ಎಡವುತ್ತಾರೆ. ಸಿನಿಮಾಗಳೂ ಕೈ ತೊಳೆಯುವವರನ್ನೇ ತೋರಿಸುತ್ತವೆ, ನೋಡಿ. ಒಬ್ಬ ವೈದ್ಯರ ಹುಬ್ಬು ಏರಿತೆಂದರೆ ಅದು ನಿಮ್ಮ ಮೇಲಿನ ತೀರ್ಪಲ್ಲ, ಅವರಿಗೆ ಆ ಪಾಠ ಸರಿಯಾಗಿ ಸಿಕ್ಕಿರಲಿಲ್ಲ ಎಂಬುದನ್ನು ಇದು ಹೇಳುತ್ತದೆ. ಆಗ ಇದನ್ನು ನನಗೆ ಯಾರಾದರೂ ಹೇಳಿದ್ದರೆ ಆ ಒಂದೂವರೆ ವರ್ಷದಲ್ಲಿ ಒಂದಷ್ಟು ತಿಂಗಳಾದರೂ ಉಳಿಯುತ್ತಿತ್ತು.

ತಮಾಷೆಯೆಂದರೆ, ಈ ಪಾಠ ಹೊಸದೇನಲ್ಲ. ಜಾನ್ ಮೂರ್ ಎಂಬ ಇಂಗ್ಲಿಷ್ ಬಿಷಪ್ 1690ರ ದಶಕದ ಆರಂಭದಲ್ಲೇ ರಾಣಿಯ ಎದುರು ಇದರ ಬಗ್ಗೆ ಪ್ರವಚನ ಮಾಡಿದ್ದ. ಪ್ರಾರ್ಥನೆಗೆ ಕುಳಿತ ಒಳ್ಳೆಯ ಜನರ ಮನಸ್ಸಿಗೇ ದೇವನಿಂದೆಯ ಯೋಚನೆಗಳು ನುಗ್ಗುತ್ತವೆ, ಅವುಗಳೊಂದಿಗೆ ಜೋರಾಗಿ ಗುದ್ದಾಡಬೇಡಿ, ಎದುರಿಸಿದಷ್ಟೂ ಅವು ಉಬ್ಬುತ್ತವೆ ಎಂಬುದು ಅವನ ಮಾತಿನ ಸಾರ. ಮೂರು ನೂರು ವರ್ಷಕ್ಕೂ ಹಿಂದಿನ ಪಾದ್ರಿಗೆ ಗೊತ್ತಿದ್ದದ್ದು ನನ್ನ ವೈದ್ಯರಿಗೆ ಗೊತ್ತಿರಲಿಲ್ಲ ಎಂದು ಓದಿದಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು.

ಮಾತಿಗೆ ಹೆದರುವುದರ ಹಿಂದೆ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಕಾಯಿಲೆ ಇದ್ದವರು ಮಾತ್ರ ಥಟ್ಟನೆ ಹಿಡಿಯಬಲ್ಲರು ಎಂದು ನನ್ನ ಅನುಮಾನ. ಯೋಚಿಸುವುದೂ ಮಾಡುವುದೂ ಒಂದೇ ಎಂಬ ಭಾವನೆ ಗೀಳು ಇರುವವರಲ್ಲಿ ಗಟ್ಟಿಯಾಗಿರುತ್ತದೆ. ರಾಕ್ಮನ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಹೆಸರಿಟ್ಟು 1990ರ ದಶಕದಲ್ಲಿ ಅಳತೆ ಮಾಡಿದ್ದರು. ಯೋಚನೆ ಬಂದರೆ ಅರ್ಧ ಮಾಡಿದಂತೆ. ಹಾಗಾದರೆ ಬಾಯಿಬಿಟ್ಟು ಹೇಳಿದರೆ? ಮುಕ್ಕಾಲು ಮಾಡಿದಂತೆ. ಹೇಳದೆ ಇರುವುದರಿಂದ ಮಗುವನ್ನು ಕಾಪಾಡುತ್ತಿದ್ದೇನೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟ ಹಾಗೆಯೇ ವಾಕ್ಯವನ್ನೂ ಸುತ್ತಿ ಮೇಲಿಟ್ಟಿದ್ದೆ. ಕೈ ತೊಳೆಯುವವರು ದಿನಕ್ಕೆ ಐವತ್ತು ಸಲ ತೊಳೆಯುತ್ತಾರೆ, ನಾನು ದಿನಕ್ಕೆ ಐವತ್ತು ಸಲ ಮುಚ್ಚಿಡುತ್ತಿದ್ದೆ. ಮುಚ್ಚಿಡುವುದು ನನ್ನ ಕಾಯಿಲೆಯ ಸುತ್ತ ಇದ್ದ ಬೇಲಿ ಎಂದುಕೊಂಡಿದ್ದೆ. ಅದು ಕಾಯಿಲೆಯ ಒಂದು ಕೋಣೆಯೇ ಆಗಿತ್ತು.

ಗೋಪ್ಯತೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ. ರೋಗಿ ಹೇಳಿದ್ದನ್ನು ವೈದ್ಯರು ಹೊರಗೆ ಹೇಳಬಾರದು. ಆದರೆ ಇದಕ್ಕೊಂದು ಮಿತಿ ಇದೆ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ಟರಾಸಾಫ್ ಪ್ರಕರಣದಲ್ಲಿ ನೀಡಿದ ತೀರ್ಪು ಪ್ರಸಿದ್ಧ. ರೋಗಿಯೊಬ್ಬ ಒಬ್ಬ ಯುವತಿಯನ್ನು ಕೊಲ್ಲುವ ಉದ್ದೇಶವನ್ನು ತನ್ನ ಚಿಕಿತ್ಸಕರಿಗೆ ತಿಳಿಸಿದ್ದ, ಮುಂದೆ ಕೊಂದೂಬಿಟ್ಟ. ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯ ಇದೆಯೆಂದು ಕಂಡಾಗ ಅವರನ್ನು ರಕ್ಷಿಸಲು ತಕ್ಕ ಕ್ರಮ ತೆಗೆದುಕೊಳ್ಳುವ ಹೊಣೆ ಚಿಕಿತ್ಸಕರ ಮೇಲಿದೆ ಎಂದು ನ್ಯಾಯಾಲಯ ಹೇಳಿತು. ಇದನ್ನು ನಾನು ಓದಿದ್ದು ರಾತ್ರಿ ಎರಡು ಗಂಟೆಗೆ. ಮರುದಿನ ಗೊತ್ತುಮಾಡಿಕೊಂಡಿದ್ದ ಭೇಟಿಯನ್ನು ರದ್ದು ಮಾಡಿದೆ. ತೀರ್ಪಿನಲ್ಲಿದ್ದ ‘ಉದ್ದೇಶ’ ಎಂಬ ಪದದ ಮೇಲೆ ನನ್ನ ಕಣ್ಣು ಜಾರಿಹೋಗಿತ್ತು. ಅವನು ಕೊಲ್ಲುತ್ತೇನೆ ಎಂದಿದ್ದ. ನಾನು ಎಲ್ಲಿ ಕೊಂದುಬಿಡುತ್ತೇನೋ ಎಂದು ಹೆದರಿ ಚಾಕು ಬಚ್ಚಿಟ್ಟಿದ್ದೆ. ಇವೆರಡರ ನಡುವೆ ಇರುವ ದೂರವನ್ನು ಅಳೆಯುವುದೇ ವೈದ್ಯರ ಕಸುಬು.

ಕೊನೆಗೆ ಹೋಗಿದ್ದು ಒಬ್ಬ ಮನೋವೈದ್ಯೆಯ ಬಳಿಗೆ. ಬಾಯಿಯ ಮೇಲೆ ನಂಬಿಕೆ ಇರಲಿಲ್ಲವಾದ್ದರಿಂದ ಏಳು ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಎಂಟು ಮಡಿಕೆ ಮಡಚಿದ ಚೀಟಿ, ಬೆವರಿನಲ್ಲಿ ಮೆತ್ತಗಾಗಿತ್ತು. ಕುಳಿತ ಕೂಡಲೇ ಮೊದಲು ಕೇಳಿದ್ದು ಗೋಪ್ಯತೆಯ ಬಗ್ಗೆ. "ಯಾವಾಗ ನೀವು ಬೇರೆಯವರಿಗೆ ಹೇಳಬೇಕಾಗುತ್ತದೆ?" ಅವರು ಬೇಸರಿಸಲಿಲ್ಲ. ಯಾರಿಗಾದರೂ ಕೇಡು ಮಾಡುವ ನಿಜವಾದ ಉದ್ದೇಶ ಇದ್ದರೆ, ನಿಮ್ಮ ಜೀವಕ್ಕೇ ತಕ್ಷಣದ ಅಪಾಯ ಇದ್ದರೆ ಎಂದು ವಿವರಿಸಿದರು. ಆಮೇಲೆ, "ಬೇಡದ ಯೋಚನೆ ಬಂದು ಹೆದರುವುದು ಆ ಸಾಲಿಗೆ ಸೇರುವುದಿಲ್ಲ" ಎಂದು ತಾವಾಗಿಯೇ ಸೇರಿಸಿದರು. ನಾನಿನ್ನೂ ಏನೂ ಹೇಳಿರಲಿಲ್ಲ. ಈ ಪ್ರಶ್ನೆಯನ್ನು ಮೊದಲು ಕೇಳುವವರು ಸಾಮಾನ್ಯವಾಗಿ ಏನನ್ನು ಹಿಡಿದುಕೊಂಡು ಬಂದಿರುತ್ತಾರೆ ಎಂದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ಚೀಟಿಯನ್ನು ಮೇಜಿನ ಮೇಲಿಟ್ಟು ಅವರತ್ತ ತಳ್ಳಿದೆ. ಓದಿದರು. ನಾನು ಮುಖ ನೋಡಲಿಲ್ಲ, ಪೆನ್ನನ್ನು ನೋಡಿದೆ. ಅದು ಅಲ್ಲಾಡಲಿಲ್ಲ.

"ಇದು ಬಂದಾಗ ನಿಮಗೆ ಏನನ್ನಿಸುತ್ತದೆ?"

"ಸತ್ತುಹೋಗಬೇಕು ಅನ್ನುವಷ್ಟು ಭಯ."

"ಹಾಗೆಂದರೆ, ನಿಜವಾಗಿ ಸಾಯಬೇಕು ಅನ್ನಿಸಿದೆಯೇ? ಅದಕ್ಕೆ ಏನಾದರೂ ಮಾಡಿಕೊಳ್ಳಬೇಕು ಎಂದು?"

ಇಲ್ಲ ಎಂದೆ. ಮಾತಿಗೆ ಹಾಗೆಂದೆ ಎಂದೆ. ಅವರು ಆ ಮಾತನ್ನು ಹಾಗೆಯೇ ಹೋಗಲು ಬಿಡದೆ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡರು. "ಬಂದ ಮೇಲೆ ಏನು ಮಾಡುತ್ತೀರಿ?" ಚಾಕು ಬಚ್ಚಿಡುತ್ತೇನೆ, ಮಗುವಿದ್ದಲ್ಲಿಂದ ಎದ್ದು ಹೋಗುತ್ತೇನೆ, ನನ್ನ ಮನಸ್ಸನ್ನು ಪರೀಕ್ಷೆ ಮಾಡುತ್ತೇನೆ ಎಂದೆ. "ಮಗುವಿಗೆ ಏನಾದರೂ ಮಾಡಬೇಕು ಎಂದು ಯಾರಾದರೂ ಹೇಳುವ ದನಿ ಕೇಳಿಸುತ್ತದೆಯೇ? ಮಗುವಿಗೆ ಇದರಿಂದ ಒಳ್ಳೆಯದಾಗುತ್ತದೆ ಎಂದು ಯಾವಾಗಲಾದರೂ ಅನ್ನಿಸಿದೆಯೇ?" ಇಲ್ಲ, ಇಲ್ಲ. ಈ ಪ್ರಶ್ನೆಗಳು ಏಕೆ ಎಂದು ಆಮೇಲೆ ತಿಳಿದುಕೊಂಡೆ. ಹೆರಿಗೆಯ ನಂತರ ಸಾವಿರದಲ್ಲಿ ಒಬ್ಬಿಬ್ಬರು ತಾಯಂದಿರಿಗೆ ಬರುವ ತೀವ್ರ ಮನೋವಿಕಾರದಲ್ಲಿ ಯೋಚನೆ ಬೇಡದ್ದೆಂದು ಅನ್ನಿಸದಿರಬಹುದು; ಅದು ಸರಿ, ಅದೇ ಸತ್ಯ ಎಂದು ಅನ್ನಿಸಬಹುದು. ಅದು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಅಲ್ಲಿಯೂ ಹೇಳುವುದೇ ಜೀವ ಉಳಿಸುವುದು, ಆದರೆ ಅದು ಬೇರೆ ಕಥೆ. ಬೇರೆ ಎಂದು ತಿಳಿಯಬೇಕಾದರೂ ಯಾರಾದರೂ ಎದುರು ಕುಳಿತು ಈ ಪ್ರಶ್ನೆಗಳನ್ನು ಕೇಳಬೇಕು, ನೀವು ಚೀಟಿಯನ್ನು ಮೇಜಿನ ಮೇಲೆ ಇಡಬೇಕು.

ಆಮೇಲೆ ಅವರು ಮೇಜಿನ ಖಾನೆಯಿಂದ ಒಂದು ಅಚ್ಚಾದ ಪಟ್ಟಿಯನ್ನು ತೆಗೆದರು. 1989ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ, ಗೀಳಿನ ತೀವ್ರತೆಯನ್ನು ಅಳೆಯುವ ಯೇಲ್-ಬ್ರೌನ್ ಅಳತೆಪಟ್ಟಿಯ ಜೊತೆಗಿನ ಲಕ್ಷಣಗಳ ಪಟ್ಟಿ. ಒಂದೊಂದಾಗಿ ಓದುತ್ತೇನೆ, ಇದೆಯೋ ಇಲ್ಲವೋ ಹೇಳಿ ಎಂದರು. ಬೇರೆಯವರಿಗೆ ಕೇಡು ಮಾಡಿಬಿಡುವ ಭಯ. ಹಿಂಸೆಯ, ಭೀಕರ ಚಿತ್ರಗಳು ಕಣ್ಣ ಮುಂದೆ ಬರುವುದು. ಎಲ್ಲರೆದುರು ಹೊಲಸು ಮಾತನ್ನು ಕೂಗಿಬಿಡುವ ಭಯ. ನಿಷಿದ್ಧವಾದ ಲೈಂಗಿಕ ಯೋಚನೆಗಳು. ದೇವನಿಂದೆ. ಪಟ್ಟಿ ಮುಂದುವರಿಯುತ್ತಲೇ ಇತ್ತು, ನನಗೆ ಮಾತ್ರ ಕೇಳಿಸುವುದು ನಿಂತಿತ್ತು. ಮೂರು ವರ್ಷ ಎದೆಯೊಳಗೆ ಬಚ್ಚಿಟ್ಟ ಗುಟ್ಟು ಯಾರದೋ ಕಚೇರಿಯಲ್ಲಿ, ನಾನು ಅದನ್ನು ಬಚ್ಚಿಡುವುದಕ್ಕೆ ಎಷ್ಟೋ ವರ್ಷ ಮೊದಲೇ, ಅಚ್ಚಾಗಿ, ಪಕ್ಕದಲ್ಲಿ ಗುರುತು ಹಾಕಲು ಒಂದು ಚೌಕವನ್ನೂ ಇಟ್ಟುಕೊಂಡು ಕಾಯುತ್ತಿತ್ತು. ಸಮಾಧಾನವಾಯಿತೆನ್ನಿ. ಜೊತೆಗೆ ಒಂದು ಬಗೆಯ ಅವಮಾನವೂ ಆಯಿತು: ಇಷ್ಟು ಸಾಮಾನ್ಯವಾದದ್ದಕ್ಕೆ ನಾನು ಇಷ್ಟು ವರ್ಷ ಕೊಟ್ಟೆನೇ!

ಹೇಳಿದ ಮೇಲೆ ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಹೇಳುವುದನ್ನು ಕಲಿತ ನಾನು ಈಗ ಹೇಳುವುದನ್ನೇ ನಿಲ್ಲಿಸಲಾರದೆ ಹೋದೆ. ಪ್ರತಿ ಭೇಟಿಗೂ ಹೊಸ ಚೀಟಿ. ‘ಕಳೆದ ಬಾರಿ ಹೊಟ್ಟೆ ಎಂದಿದ್ದೆ, ಒಮ್ಮೆ ಕುತ್ತಿಗೆಯೂ ಬಂದಿತ್ತು, ಅದನ್ನು ಹೇಳಿರಲಿಲ್ಲ.’ ‘ಯೋಚನೆ ಬಂದಾಗ ಒಂದು ಕ್ಷಣ ಭಯವೇ ಆಗಲಿಲ್ಲ, ಹಾಗಾದರೆ ನಾನು ನಿಜವಾಗಿಯೂ...?’ ಎಲ್ಲವನ್ನೂ ಚಾಚೂ ತಪ್ಪದೆ ಒಪ್ಪಿಸದಿದ್ದರೆ ವೈದ್ಯರನ್ನು ಮೋಸ ಮಾಡಿ ‘ನೀವು ಅಪಾಯಕಾರಿಯಲ್ಲ’ ಎಂಬ ಪ್ರಮಾಣಪತ್ರ ಪಡೆದಂತೆ ಅನ್ನಿಸುತ್ತಿತ್ತು. ನಾಲ್ಕನೆಯ ಭೇಟಿಯಲ್ಲಿ ಅವರು ನನ್ನ ಚೀಟಿಯನ್ನು ಓದದೆ ಹಿಂದಿರುಗಿಸಿದರು. "ಇದಕ್ಕೆ ನಾನು ಉತ್ತರ ಹೇಳುವುದಿಲ್ಲ. ಹೇಳಿದರೆ ನಾಳೆ ಇನ್ನೊಂದು ಚೀಟಿ ಬರುತ್ತದೆ" ಎಂದರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಮೊದಲ ಸಲ ಹೇಳಿದ್ದು ಚಿಕಿತ್ಸೆಯಾಗಿತ್ತು, ಹದಿನೈದನೆಯ ಸಲ ಹೇಳುವುದು ಕೈ ತೊಳೆದುಕೊಂಡಂತೆ ಎಂದು ಅವರು ಅಂದು ನಿಧಾನವಾಗಿ ಬಿಡಿಸಿ ಹೇಳಿದರು.

ಚಿಕಿತ್ಸೆಯ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ವಿಕ್ಟರ್ ಮೇಯರ್ ಎಂಬ ಮನೋವಿಜ್ಞಾನಿ 1966ರಲ್ಲಿ ಇಬ್ಬರು ರೋಗಿಗಳ ಮೇಲೆ ಪ್ರಯತ್ನಿಸಿ ಬರೆದ ವಿಧಾನದಿಂದ ಬೆಳೆದು ಬಂದದ್ದು ಅದು: ಭಯವನ್ನು ಬೇಕೆಂದೇ ಎದುರಿಗೆ ತಂದುಕೊಳ್ಳುವುದು, ಅದರಿಂದ ಪಾರಾಗಲು ಮಾಡುವ ಉಪಾಯವನ್ನು ಮಾತ್ರ ಮಾಡದಿರುವುದು. ಚಾಕು ಕಪಾಟಿನಿಂದ ಇಳಿಯಿತು, ಬಟ್ಟೆ ಬಿಚ್ಚಿತು, ಮೇಜಿನ ಮೇಲೆ ಮಲಗಿತು, ಕೈಗೆ ಬಂತು, ಮಗು ಇರುವಾಗಲೂ ಬಂತು. ಜೊತೆಗೆ ಮಾತ್ರೆಯೂ ಇತ್ತು. ಖಿನ್ನತೆಗೆ ಕೊಡುವ ಮಾತ್ರೆಗಳೇ, ಆದರೆ ಗೀಳಿಗೆ ಸಾಮಾನ್ಯವಾಗಿ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಪರಿಣಾಮ ಕಾಣಲು ಹತ್ತು ಹನ್ನೆರಡು ವಾರವೂ ಹಿಡಿಯಬಹುದು. ಎರಡನೆಯ ವಾರದಲ್ಲೇ ‘ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರನ್ನು ಕಂಡಿದ್ದೇನೆ, ಅದಕ್ಕೇ ಹೇಳಿದೆ.

ಈಚೆಗೆ ಪರಿಚಯದವರೊಬ್ಬರು, ನನ್ನ ವಿಷಯ ತಿಳಿದವರು, ತಾನೂ ವೈದ್ಯರ ಬಳಿ ಹೋಗಬೇಕು, ಹೇಗೆ ಶುರು ಮಾಡಲಿ ಎಂದು ಕೇಳಿದರು. ಯೋಚನೆ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಯೋಚನೆಯನ್ನೇ ಮೊದಲು ಹೇಳಬೇಕಾಗಿಲ್ಲ ಎಂದೆ. ‘ನನಗೆ ಹೇಳಲು ಭಯವಾಗುವಂಥ ಯೋಚನೆಗಳು ಬರುತ್ತವೆ, ಅವು ನನಗೆ ಬೇಡ’ ಎಂಬುದೂ ಒಂದು ಪೂರ್ಣ ವಾಕ್ಯವೇ. ಅದರಿಂದ ಶುರು ಮಾಡಿ, ಎದುರಿನವರು ಏನು ಮಾಡುತ್ತಾರೆ ನೋಡಿ. ಹುಬ್ಬು ಏರಿದರೆ ಎದ್ದು ಬನ್ನಿ, ಇನ್ನೊಬ್ಬರ ಬಳಿ ಹೋಗಿ. ಗೀಳಿಗೆ ಚಿಕಿತ್ಸೆ ಕೊಟ್ಟು ಅನುಭವ ಇದೆಯೇ ಎಂದು ಫೋನಿನಲ್ಲೇ ಕೇಳಿದರೂ ತಪ್ಪಿಲ್ಲ. ಬಾಯಿ ಬಾರದಿದ್ದರೆ ಚೀಟಿ. ಯೋಚನೆಗಿಂತ ಹೆಚ್ಚಾಗಿ, ಅದು ಬಂದ ಮೇಲೆ ನೀವು ಏನೇನು ಮಾಡುತ್ತೀರಿ ಎಂಬುದನ್ನು ಮರೆಯದೆ ಹೇಳಿ, ವೈದ್ಯರಿಗೆ ದಾರಿ ಕಾಣುವುದು ಅಲ್ಲಿ. ಅವರು ತಲೆಯಾಡಿಸಿ, ನನ್ನ ಮಾತನ್ನು ಫೋನಿನಲ್ಲಿ ಬರೆದುಕೊಂಡು, ಬರೆದುಕೊಂಡದ್ದನ್ನು ಕೂಡಲೇ ಅಳಿಸಿದರು. ನಾನು ಏನೂ ಹೇಳಲಿಲ್ಲ.

ಚಿಕಿತ್ಸೆ ಮುಗಿಯುವ ಹೊತ್ತಿಗೆ ಒಂದು ದಿನ ಮನೋವೈದ್ಯೆಯನ್ನು ಕೇಳಿದೆ: "ಮೊದಲ ದಿನ ನೀವು ಏನು ಬರೆದುಕೊಂಡಿರಿ? ನೋಡಬಹುದೇ?" ನೋಡಿ ಎಂದು ಕಡತವನ್ನು ನನ್ನತ್ತ ತಿರುಗಿಸಿದರು. ಮೂರು ವರ್ಷ ನನ್ನ ನಿದ್ರೆಯನ್ನು ನುಂಗಿದ್ದ ಆ ಪುಟದಲ್ಲಿ ಇದ್ದದ್ದು ಮೂರೂವರೆ ಸಾಲು. ಬೇಡದ ಯೋಚನೆಗಳು, ಮಗುವಿಗೆ ಕೇಡಾಗುವ ಭಯ. ಚೂಪಾದ ವಸ್ತು ಬಚ್ಚಿಡುತ್ತಾರೆ. ಉದ್ದೇಶ ಇಲ್ಲ. ನಿದ್ರೆ ಕಡಿಮೆ, ಎರಡು ವಾರ ಬಿಟ್ಟು ಮತ್ತೆ ಬರಲಿ. ಅಕ್ಷರ ಅಷ್ಟೇನೂ ಚೆನ್ನಾಗಿರಲಿಲ್ಲ. ಮೇಲೆ ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಾಗಿತ್ತು. ತಿದ್ದುತ್ತೇನೆ ಎಂದು ಅವರ ಪೆನ್ನನ್ನು ಕೇಳಿ ತೆಗೆದುಕೊಂಡೆ.